ಹಡಗಿನಲ್ಲಿ ಜ್ವರಕ್ಕೆ ಕೂತ ಬೀಗರು

ಗೌರಿಬಿದನೂರು

ನಾವು ಹೋಗಬೇಕಿದ್ದ ಹಡಗಿನ ಬಗ್ಗೆ ಹೋಗಿ ಬಂದವರು ಬರೆದದ್ದನ್ನೆಲ್ಲ ನಮ್ಮ ಅಳಿಯ ಮಂಜುನಾಥ ಫೋನಿನಲ್ಲಿ ಹುಡುಕಿ ಓದಿ ಹೇಳಿದ್ದ. ಒಬ್ಬರು ಅದನ್ನು ಸ್ವರ್ಗ ಅಂದಿದ್ದರು. ಅದರ ಕೆಳಗೇ ಇನ್ನೊಬ್ಬರು, ಇದಕ್ಕಿಂತ ಜೈಲು ವಾಸಿ, ಅಲ್ಲಿ ಊಟಕ್ಕೆ ಇಷ್ಟುದ್ದ ಕ್ಯೂ ಇರುವುದಿಲ್ಲ ಅಂದಿದ್ದರು. ಕೆಲಸದವರು ದೇವರಂಥವರು ಅಂತ ಒಬ್ಬರು ಬರೆದಿದ್ದರೆ, ಮುಖ ಎತ್ತಿ ಮಾತಾಡುವುದಿಲ್ಲ ಅಂತ ಮತ್ತೊಬ್ಬರು.

"ಇವ್ರೆಲ್ಲ ಒಂದೇ ಹಡಗಿಗೆ ಹೋಗಿದ್ರೇನಪ್ಪಾ?" ಎಂದು ಕೇಳಿದೆ.

"ಒಂದೇ ಹಡಗು ಅತ್ತೆ. ವಾರಾನೂ ಒಂದೇ."

"ಹಂಗಾರೆ ಇಬ್ರಲ್ಲಿ ಒಬ್ರು ಸುಳ್ಳು ಹೇಳ್ತಾವ್ರೆ."

ಆಗ ಹಾಗೆ ಅಂದುಬಿಟ್ಟೆ. ಈಗ ನಾನೇ ಹೋಗಿ ಬಂದಿದ್ದೇನೆ. ಯಾರೂ ಸುಳ್ಳು ಹೇಳಿರಲಿಲ್ಲ ಅಂತ ಗೊತ್ತಾಗಿದೆ. ಅದು ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಮುದ್ರದ ಸೌಂದರ್ಯ ಓದಬೇಕು ಅನ್ನುವವರು ಬೇರೆ ಕಡೆ ನೋಡಿಕೊಳ್ಳಿ.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ಮನೆಯಲ್ಲಿ ತಲೆಮಾರಿನಿಂದ ರೇಷ್ಮೆ ಹುಳ ಸಾಕುತ್ತೇವೆ. ಒಬ್ಬಳೇ ಮಗಳು, ಭವ್ಯ. ಅವಳನ್ನು ಗೌರಿಬಿದನೂರಿಗೆ ಕೊಟ್ಟಿದ್ದೇವೆ. ಅವಳು ಓದಿದ್ದೂ ರೇಷ್ಮೆ ವಿಷಯವನ್ನೇ. ಅಳಿಯ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಇಬ್ಬರಿಗೂ ಚಾಕಿ ಕೇಂದ್ರ ಮಾಡುವ ಆಸೆ. ಅಂದರೆ ರೇಷ್ಮೆ ಮೊಟ್ಟೆ ಒಡೆಸಿ, ಎಳೆ ಹುಳಗಳನ್ನು ಜೋಪಾನವಾಗಿ ಸಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ರೈತರಿಗೆ ಕೊಡುವ ಕೆಲಸ. ಅದನ್ನು ನಮ್ಮೂರಿಗೆ ಬಂದು ಮಾಡಲಿ ಅನ್ನುವುದು ನನ್ನ ಆಸೆ. ಹಿಪ್ಪುನೇರಳೆ ಸೊಪ್ಪಿದೆ, ನೀರಿದೆ, ಕೈಗೆ ಕೈ ಸೇರಿಸಲು ನಾವಿದ್ದೇವೆ. ಮಗಳು ಮತ್ತೆ ಕಣ್ಣೆದುರಿಗೆ ಇರುತ್ತಾಳೆ ಅನ್ನುವ ಆಸೆ ಇದೆಲ್ಲಕ್ಕಿಂತ ದೊಡ್ಡದು. ಮುಚ್ಚಿಟ್ಟು ಏನು ಪ್ರಯೋಜನ?

ಇದಕ್ಕೆಲ್ಲ ಅಡ್ಡವಾಗಿ ನಿಂತಿದ್ದವರು ಬೀಗರು ನಾರಾಯಣಪ್ಪನವರು. ತಾಲ್ಲೂಕು ಆಫೀಸಿನಲ್ಲಿ ಜೀವಮಾನವೆಲ್ಲ ಕೂತು ಹೋದ ವರ್ಷ ರಿಟೈರಾದವರು. ಮಾತು ಕಡಿಮೆ. ಮಕ್ಕಳು ಈ ವಿಷಯ ಎತ್ತಿದಾಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಪದ, "ನೋಡಣ." ಅವರ ಆಫೀಸಿಗೆ ಅಲೆದವರನ್ನು ಕೇಳಿ, ನೋಡಣ ಅಂದರೆ ಏನು ಅಂತ ಹೇಳುತ್ತಾರೆ. ಮಗ ಹೆಂಡತಿಯ ತವರಿನಲ್ಲಿ ಹೋಗಿ ಕೂರುವುದು ಅವರಿಗೆ ಇಷ್ಟವಿರಲಿಲ್ಲ. ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಅದಕ್ಕೇ ಮಕ್ಕಳು ಈ ಉಪಾಯ ಮಾಡಿದ್ದು. ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್ ಮುಟ್ಟಿ ವಾಪಸ್ ಬರುವ ಹಡಗಿಗೆ ಎರಡೂ ಕಡೆಯ ಅಪ್ಪ ಅಮ್ಮಂದಿರನ್ನು ಕಳಿಸುವುದು. ಒಟ್ಟಿಗೆ ತಿಂದು ಒಟ್ಟಿಗೆ ಓಡಾಡಿದರೆ ಬೀಗರು ಮೆತ್ತಗಾಗುತ್ತಾರೆ ಅಂತ ಲೆಕ್ಕ. ಕೊನೇ ಗಳಿಗೆಯಲ್ಲಿ ನಮ್ಮ ಯಜಮಾನರು ಕೈಯೆತ್ತಿಬಿಟ್ಟರು. "ಹುಳ ಮೇಯೋ ಟೈಮಲ್ಲಿ ಇಬ್ರೂ ಹೋದ್ರೆ ಸೊಪ್ಪು ಹಾಕೋರ್ಯಾರು? ನೀನ್ ಹೋಗ್ಬಾ." ಅವರಿಗೆ ಸಮುದ್ರವೆಂದರೆ ಭಯ ಅಂತ ನನಗೆ ಗೊತ್ತು. ಆದರೂ ಹುಳದ ಹೆಸರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ.

ಹೊರಡುವಾಗ ಭವ್ಯ ನನ್ನನ್ನು ಪಕ್ಕಕ್ಕೆ ಕರೆದಳು. "ಅಮ್ಮಾ, ಮಾವ ಏನಂದ್ರೂ ಸುಮ್ನಿರು. ನಿನ್ ಬಾಯಿ ಒಂದು ಬಿಗಿಹಿಡ್ಕೊಂಡ್ರೆ ನಮ್ ಕೆಲಸ ಆಗತ್ತೆ ಕಣಮ್ಮ."

ಸಿಂಗಪುರ

ಹಡಗು ಅಂದರೆ ದೊಡ್ಡ ದೋಣಿ ಅಂದುಕೊಂಡಿದ್ದೆ. ಹತ್ತಿರ ಹೋದರೆ ಅದೊಂದು ಊರು. ಲಿಫ್ಟೇ ಎಷ್ಟೊಂದಿವೆಯೋ, ಒಂದರಲ್ಲಿ ಹತ್ತಿ ಇಳಿದರೆ ಎಲ್ಲಿದ್ದೇವೆ ಅಂತ ಗೊತ್ತಾಗುವುದಿಲ್ಲ. ಎಲ್ಲ ಮಹಡಿಯ ಓಣಿಗಳೂ ಒಂದೇ ಥರ, ಒಂದೇ ಬಣ್ಣದ ಕಾರ್ಪೆಟ್ಟು. ನಮ್ಮ ಬೀಗಿತ್ತಿ ಸರೋಜಕ್ಕ, ನಾರಾಯಣಪ್ಪನವರ ಹೆಂಡತಿ, ನನ್ನ ಸೆರಗನ್ನು ಬಿಡದೆ ಹಿಡಿದುಕೊಂಡೇ ನಡೆದರು.

ನಮಗೆ ಎರಡು ರೂಮು. ಒಂದಕ್ಕೆ ಬಾಲ್ಕನಿ, ಸಮುದ್ರ ಕಾಣುತ್ತದೆ. ಇನ್ನೊಂದು ಹಡಗಿನ ಹೊಟ್ಟೆಯೊಳಗೆ, ಕಿಟಕಿಯೇ ಇಲ್ಲ. ಮಕ್ಕಳ ಲೆಕ್ಕದಲ್ಲಿ ಬೀಗ ದಂಪತಿಗೆ ಬಾಲ್ಕನಿ, ನಮಗೆ ಒಳಗಿನದ್ದು. ಆದರೆ ಒಬ್ಬಳೇ ಹೆಂಗಸನ್ನು ಒಂದು ರೂಮಿನಲ್ಲಿ ಬಿಡುವುದು ನಾರಾಯಣಪ್ಪನವರಿಗೆ ಸರಿ ಕಾಣಲಿಲ್ಲ. "ನೀವಿಬ್ರೂ ಹೆಂಗಸ್ರು ಒಟ್ಗಿರಿ. ನಾನು ಆ ರೂಮಲ್ಲಿರ್ತೀನಿ," ಎಂದು ಪೆಟ್ಟಿಗೆ ಎತ್ತಿಕೊಂಡು ನಡೆದೇಬಿಟ್ಟರು. ಬೇಡ ಬೇಡ ಅನ್ನುತ್ತ ಹಿಂದೆ ಓಡಿದೆ. ಅವರು ತಿರುಗಿಯೂ ನೋಡಲಿಲ್ಲ. ಅವರ ರೂಮಿನ ಬಾಗಿಲು ತೆಗೆದರೆ ಒಳಗೆ ಕತ್ತಲು, ದೀಪ ಹಾಕಿದರೂ ಗೋಡೆ ಬಿಟ್ಟು ಬೇರೇನೂ ಕಾಣದು. ನನಗೆ ಸಂಕಟವಾಯಿತು.

ಮೊದಲ ದಿನದ ಎಡವಟ್ಟು ನಮ್ಮ ಚಪ್ಪಲಿಯದು. ನಾವಿಬ್ಬರೂ ಅಭ್ಯಾಸದಂತೆ ಚಪ್ಪಲಿಗಳನ್ನು ಬಾಗಿಲ ಹೊರಗೆ, ಗೋಡೆಗೆ ಒತ್ತಿ ಬಿಟ್ಟು ಒಳಗೆ ಹೋದೆವು. ಬೆಳಗ್ಗೆ ನೋಡಿದರೆ ಎರಡು ಜೊತೆಯೂ ಇಲ್ಲ. ಸರೋಜಕ್ಕ, "ಇಷ್ಟು ದೊಡ್ಡ ಹಡಗಲ್ಲೂ ಚಪ್ಪಲಿ ಕಳ್ರು ಅವ್ರಾ!" ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬರಿಗಾಲಿನಲ್ಲಿ ಕೌಂಟರಿಗೆ ಹೋಗಿ ಕಾಲು ತೋರಿಸಿದೆವು. ಅಲ್ಲಿದ್ದವನು ಎರಡು ಪ್ಲಾಸ್ಟಿಕ್ ಚೀಲ ತಂದು ಕೊಟ್ಟ. ಯಾರೋ ಕಳೆದುಕೊಂಡ ಸಾಮಾನು ಅಂತ ಎತ್ತಿ, ಚೀಟಿ ಕಟ್ಟಿ ಜೋಪಾನವಾಗಿ ಇಟ್ಟಿದ್ದರು. ಅಲ್ಲಿ ಜನ ಹಾಸಿಗೆಯವರೆಗೂ ಚಪ್ಪಲಿ ಹಾಕಿಕೊಂಡೇ ಹೋಗುತ್ತಾರಂತೆ. ಕಾರ್ಪೆಟ್ಟಿನ ಗತಿ ಏನಾಗಬೇಡ!

ನಡು ಸಮುದ್ರ

ಹುಳ ಸಾಕುವವರಿಗೆ ಮುಂಜಾನೆ ತಾನಾಗಿ ಎಚ್ಚರವಾಗುತ್ತದೆ. ಎದ್ದು ಬಾಲ್ಕನಿಗೆ ಹೋದರೆ ಸುತ್ತಲೂ ನೀರು. ಸ್ವಲ್ಪ ಹೊತ್ತು ನೋಡಿದೆ. ನೀರು ನೀರಿನಂತೆಯೇ ಇತ್ತು. ನನಗೆ ಅದರಲ್ಲಿ ಮಾಡಲು ಏನೂ ಕೆಲಸ ಕಾಣಲಿಲ್ಲ. ಊರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಸೊಪ್ಪು ಕುಯ್ದು ತಂದು ಒಂದು ಸುತ್ತು ಹಾಕಿ ಮುಗಿಸುತ್ತಿದ್ದೆ.

ನನಗೆ ಆ ಹಡಗಿನಲ್ಲಿ ಮೊದಲು ಆಗದೆ ಹೋದದ್ದು ವಾಸನೆ. ಲಿಫ್ಟಿನಲ್ಲಿ ಸೆಂಟು, ಓಣಿಯಲ್ಲಿ ಸೆಂಟು, ಕೈ ತೊಳೆಯುವ ನೀರಿನಲ್ಲೂ ಸೆಂಟು. ನಮ್ಮ ಹುಳದ ಮನೆಗೆ ಮಲ್ಲಿಗೆ ಮುಡಿದು ಬಂದರೂ ನಮ್ಮತ್ತೆ ಹೊರಗೆ ಕಳಿಸುತ್ತಿದ್ದರು. ಆ ಮೂಗಿಗೆ ಇದು ಹೇಗೆ ಹಿಡಿಸೀತು? ಆಮೇಲೆ ಗದ್ದಲ. ಈಜುಕೊಳದ ಪಕ್ಕ ಬೆಳಗ್ಗೆಯೇ ಒಬ್ಬಳು ಮೈಕು ಹಿಡಿದು ಎಲ್ಲರನ್ನೂ ಕುಣಿಸುತ್ತಿದ್ದಳು. ಇನ್ನು ತಿನ್ನುವುದು! ಊಟದ ಹಾಲ್ ಬಾಗಿಲು ಹಾಕುವುದೇ ಇಲ್ಲ. ಕೊನೇ ಸಲ ಪೊರೆ ಬಿಟ್ಟು ಹಸಿದು ಎದ್ದ ಹುಳಗಳಂತೆ ಜನ ಒಂದೇ ಸಮ ಮೇಯುತ್ತಿದ್ದರು. ಹುಳವಾದರೂ ಗೂಡು ಕಟ್ಟುತ್ತದೆ.

ಇಷ್ಟೆಲ್ಲ ನನಗೆ ಅನಿಸುತ್ತಿರುವಾಗ ಸರೋಜಕ್ಕ ಏನು ಮಾಡುತ್ತಿದ್ದರು ಗೊತ್ತೇ? ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೈಕಿನವಳ ಎದುರು ಕೈ ಮೇಲೆ ಮಾಡಿ ಕೆಳಗೆ ಮಾಡಿ ಕುಣಿಯುತ್ತಿದ್ದರು. ನನ್ನನ್ನು ನೋಡಿ, "ಬಾ ರತ್ನಕ್ಕ, ಇಲ್ಲಿ ನಮ್ಮನ್ಯಾರು ನೋಡ್ತಾರೆ!" ಎಂದು ಕೂಗಿದರು. ನಾನು ಹೋಗಲಿಲ್ಲ.

ಈಗ ಜ್ವರದ ವಿಷಯಕ್ಕೆ ಬರುತ್ತೇನೆ. ರೇಷ್ಮೆ ಹುಳ ಬೆಳೆಯುವಾಗ ನಡುನಡುವೆ ಮೇಯುವುದು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತದೆ. ಪೊರೆ ಬಿಡುವುದಕ್ಕೆ ಹಾಗೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ 'ಜ್ವರಕ್ಕೆ ಕೂತಿದೆ' ಅನ್ನುತ್ತೇವೆ. ನಿಜವಾದ ಜ್ವರವೇನಲ್ಲ. ನಮ್ಮ ಮನೆಗಳಲ್ಲಿ ಆ ಮಾತು ಮನುಷ್ಯರಿಗೂ ಅಂಟಿಕೊಂಡಿದೆ. ಯಾರಾದರೂ ಊಟ ಬಿಟ್ಟು ಸುಮ್ಮನೆ ಮೂಲೆ ಹಿಡಿದರೆ, 'ಜ್ವರಕ್ಕೆ ಕೂತವ್ನೆ, ಮಾತಾಡ್ಸಬೇಡ' ಅಂದುಬಿಡುತ್ತೇವೆ.

ಆ ದಿನ ನಾರಾಯಣಪ್ಪನವರು ತಿಂಡಿಗೂ ಬರಲಿಲ್ಲ, ಊಟಕ್ಕೂ ಬರಲಿಲ್ಲ. ರೂಮಿಗೆ ಹೋಗಿ ನೋಡಿದರೆ ಗೋಡೆ ಕಡೆ ತಿರುಗಿ ಮಲಗಿದ್ದರು. ಹಡಗಿನ ತೂಗಾಟಕ್ಕೆ ಬೆಳಗ್ಗೆ ಒಂದು ಸಲ ವಾಂತಿಯಾಗಿತ್ತಂತೆ. "ನನ್ನ ಪಾಡಿಗೆ ಬಿಡ್ರಿ," ಅಂದರು.

ಊಟದ ಹಾಲಿನಲ್ಲಿ ನಮ್ಮ ಟೇಬಲ್ ನೋಡಿಕೊಳ್ಳುತ್ತಿದ್ದವಳು ಚಿತ್ತೂರಿನ ಕಡೆಯ ಹೆಂಗಸು, ನನ್ನಷ್ಟೇ ವಯಸ್ಸು. ತೆಲುಗು ಮಾತಾಡುವವಳು ಸಿಕ್ಕಳು ಅಂತ ನನಗೆ ಹಬ್ಬ. ನಮ್ಮ ಕಡೆ ಅರ್ಧ ಮಾತು ತೆಲುಗಿನಲ್ಲೇ ನಡೆಯುತ್ತದಲ್ಲ. ಅವಳು ಖಾಲಿ ಕುರ್ಚಿ ನೋಡಿ, "ಸಾರ್ ರಾಲೇದಾ ಅಮ್ಮಾ?" ಎಂದು ಕೇಳಿದಳು, ಸಾರ್ ಬರಲಿಲ್ಲವಾ ಅಂತ.

"ಲೇದಮ್ಮಾ. ಆಯನ ಜ್ವರಾನಿಕಿ ಕೂಸುನ್ನಾರು," ಅಂದೆ ಜಂಬದಿಂದ, ಜ್ವರಕ್ಕೆ ಕೂತಿದ್ದಾರೆ ಅನ್ನುವ ನಮ್ಮ ಮಾತನ್ನೇ ತೆಲುಗಿಗೆ ತಿರುಗಿಸಿ.

ಜ್ವರಮಾ ಅಂದಳು. ಜ್ವರಮೇ ಅಂದೆ. ವಾಂತಿ ಆಗಿದೆಯಾ ಅಂದಳು. ಬೆಳಗ್ಗೆ ಒಂದು ಸಲ ಆಯಿತು ಅಂತ ಅದನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಹೋದಳು.

ನಾವು ಮಜ್ಜಿಗೆ ಅನ್ನ ಕಲೆಸುವಷ್ಟರಲ್ಲಿ ಒಬ್ಬ ಆಫೀಸರ್ ಬಂದು ನಮ್ಮ ಪಕ್ಕ ನಿಂತ. ಬೀಗರ ರೂಮಿಗೆ ಓಡಿ ಹೋಗಿ ನೋಡಿದರೆ ಡಾಕ್ಟರು, ನರ್ಸು, ಮೂಗಿಗೆ ಮಾಸ್ಕು, ಕೈಗೆ ಗ್ಲೌಸು. ಬಾಗಿಲ ಹಿಡಿಗೆ ಅದೇನೋ ಔಷಧ ಒರೆಸುತ್ತಿದ್ದರು. ನಾರಾಯಣಪ್ಪನವರು ಬನಿಯನ್ನಿನಲ್ಲಿ ಹಾಸಿಗೆ ಮೇಲೆ ಕೂತು, ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಜ್ವರ ಇರಲಿಲ್ಲ. ಆದರೆ ವಾಂತಿ ನಿಜ, ಜ್ವರ ಅಂತ ಮನೆಯವರೇ ಹೇಳಿದ್ದಾರೆ. ಹಡಗಿನಲ್ಲಿ ಒಬ್ಬರಿಗೆ ಹೊಟ್ಟೆಯ ಕಾಯಿಲೆ ಬಂದರೆ ಎಲ್ಲರಿಗೂ ಹಬ್ಬುತ್ತದೆ, ಅವರು ಸುಮ್ಮನೆ ಬಿಡುವ ಹಾಗಿಲ್ಲ. ತಾವು ಹೇಳುವ ತನಕ ಬೀಗರು ರೂಮಿನಿಂದ ಹೊರಗೆ ಬರುವಂತಿಲ್ಲ, ಊಟ ಬಾಗಿಲಿಗೇ ಬರುತ್ತದೆ ಅಂದರು. ನಾವು ಹೆಂಗಸರು ಬೇರೆ ರೂಮಿನಲ್ಲಿದ್ದದ್ದರಿಂದ ನೋಡಿ, ಕೇಳಿ, ಬಿಟ್ಟರು.

ನಾನು ಹುಳದ ಕಥೆಯನ್ನೆಲ್ಲ ಆ ಡಾಕ್ಟರಿಗೆ ಹೇಳಲು ಹೋದೆ. ನನ್ನ ಇಂಗ್ಲಿಷಿನಲ್ಲಿ ಹುಳ, ಜ್ವರ, ವಾಂತಿ ಮೂರೂ ಸೇರಿ ಇನ್ನೇನೋ ಆಗಿಬಿಟ್ಟಿತು. ಅವರು ಹೊಟ್ಟೆಯಲ್ಲಿ ಹುಳ ಇದೆಯಾ ಅಂತ ಬರೆದುಕೊಳ್ಳಲು ಶುರು ಮಾಡಿದರು. ಸರೋಜಕ್ಕ ನನ್ನ ರಟ್ಟೆ ಹಿಡಿದು ಎಳೆದರು. "ಸಾಕು ಸುಮ್ನಿರು ರತ್ನಕ್ಕ, ಆಪರೇಷನ್ ಮಾಡ್ಬಿಡ್ತಾರೆ."

ಬಾಗಿಲು ಮುಚ್ಚುವ ಮುಂಚೆ ನಾರಾಯಣಪ್ಪನವರು ಒಂದೇ ಮಾತು ಕೇಳಿದರು. "ಏನಂದ್ರಿ ನೀವು ಅವ್ರಿಗೆ?"

ನಾನು ಸೆರಗು ಎಳೆದುಕೊಂಡು ಸರೋಜಕ್ಕನ ಹಿಂದೆ ಸರಿದೆ.

ಪೆನಾಂಗ್

ಮಾರನೆಯ ದಿನ ಹಡಗು ಪೆನಾಂಗಿಗೆ ನಿಂತಿತು. ಜನ ಹೊಸ ಬಟ್ಟೆ ಹಾಕಿಕೊಂಡು ಸಾಲುಗಟ್ಟಿ ಇಳಿದರು. ಬೀಗರು ಕಿಟಕಿ ಇಲ್ಲದ ರೂಮಿನಲ್ಲಿ. ಅವರನ್ನು ಅಲ್ಲಿ ಕೂಡಿಹಾಕಿಸಿದವಳು ನಾನು. ಇಳಿಯಲು ನನಗೆ ಮನಸ್ಸೇ ಇರಲಿಲ್ಲ. ಸರೋಜಕ್ಕ ಬಿಡಲಿಲ್ಲ. "ಅವ್ರು ಒಳಗಿದ್ರೆ ನಾವ್ಯಾಕೆ ಒಳಗಿರ್ಬೇಕು? ಮದ್ವೆಯಾದಾಗಿಂದ ಒಂದಿನ ಅವ್ರಿಲ್ದೆ ಅಂಗಡಿಗೆ ಹೋಗಿಲ್ಲ ನಾನು."

ಊರು ಚಿಂತಾಮಣಿಯ ಸಂತೆ ದಿನ ಇದ್ದ ಹಾಗೆಯೇ ಇತ್ತು. ತಮಿಳು ಅಂಗಡಿಗಳು, ಹೂವಿನ ಹಾರ, ಬೀದಿಯಲ್ಲೇ ಬಾಣಲೆ. ಹೂ ಮಾರುವವಳು ಮೊಳ ಅಳೆಯುವಾಗ ಕೈಯನ್ನು ನಮ್ಮವರ ಹಾಗೆಯೇ ಸ್ವಲ್ಪ ಮಡಿಸಿದಳು. ಸರೋಜಕ್ಕ ಅವಳ ಜೊತೆ ಜಗಳವಾಡಿ ಗೆದ್ದರು. ಅವರು ನಗುತ್ತಿದ್ದರು. ನನಗೆ ಮಾತ್ರ ಕಣ್ಣ ಮುಂದೆ ಭವ್ಯಳ ಮುಖ. ಬಾಯಿ ಬಿಗಿಹಿಡಿ ಅಂದಿದ್ದಳು ಹುಡುಗಿ. ನಾನು ಅವಳ ಮಾವನನ್ನೇ ಒಳಗೆ ಹಾಕಿಸಿದ್ದೆ. ಇನ್ನು ಅವರು 'ನೋಡಣ' ಅನ್ನುವುದೂ ಇಲ್ಲ, ಖಡಾಖಂಡಿತ ಆಗಲ್ಲ ಅಂದುಬಿಡುತ್ತಾರೆ. ಎರಡು ಸಲ ಕಣ್ಣೊರೆಸಿಕೊಂಡೆ. ಬಿಸಿಲು ಅಂದೆ.

ವಾಪಸ್ ಹಡಗು ಹತ್ತುವ ಸಾಲಿನಲ್ಲಿ ಪುಣೆಯ ಗಂಡ ಹೆಂಡತಿ ಸಿಕ್ಕರು. ಹರಕು ಹಿಂದಿಯಲ್ಲಿ ಮಾತಾಡಿದೆವು. ಹಡಗು ಹೇಗಿದೆ ಅಂತ ಕೇಳಿದೆ. ಗಂಡ, "ಫಸ್ಟ್ ಕ್ಲಾಸ್! ಪ್ರತಿ ವರ್ಷ ಬರ್ತೀವಿ," ಅಂದ. ಹೆಂಡತಿ ಅದೇ ಉಸಿರಿನಲ್ಲಿ, "ನಾನಂತೂ ಇನ್ನೊಮ್ಮೆ ಬರಲ್ಲ," ಅಂದಳು. ಅವಳ ಕಂಕುಳಲ್ಲಿ ಮೊಮ್ಮಗು, ಹೆಗಲ ಮೇಲೆ ಮೊಮ್ಮಗುವಿನ ಚೀಲ, ಚೀಲದೊಳಗೆ ಬಾಟಲಿ. ಗಂಡನ ಕೈಯಲ್ಲಿ ಕ್ಯಾಮೆರಾ. ಅವಳ ಕಂಕುಳು ನೋಡಿದ ಮೇಲೆ ನಾನು ಬೇರೇನೂ ಕೇಳಲಿಲ್ಲ. ನಮ್ಮಳಿಯ ಓದಿ ಹೇಳಿದ್ದ ಸ್ವರ್ಗದವರೂ ಜೈಲಿನವರೂ ಹೀಗೇ ಒಂದೇ ಮನೆಯವರಿರಬಹುದು ಅನಿಸಿತು.

ಮತ್ತೆ ನಡು ಸಮುದ್ರ

ರೂಮಿನಿಂದ ರೂಮಿಗೆ ಫೋನ್ ಇತ್ತು. ಬೆಳಗ್ಗೆ ಸರೋಜಕ್ಕ ಗಂಡನಿಗೆ ಫೋನ್ ಮಾಡಿದರು. ತಿಂದ್ರಾ, ಮಲಗಿದ್ರಾ, ಔಷಧಿ ತಗೊಂಡ್ರಾ ಎಂದೆಲ್ಲ ಕೇಳಿ ಆದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟರು. "ನಿನ್ನನ್ನ ಕೇಳ್ತಾವ್ರೆ."

"ಬೀಗ್ರೇ, ತಪ್ಪಾಯ್ತು," ಎಂದೇ ಶುರು ಮಾಡಿದೆ.

"ಅದಿರ್ಲಿ ರತ್ನಮ್ಮನೋರೇ. ಆ ಜ್ವರಕ್ಕೆ ಕೂರೋದು ಅಂದ್ರೇನು?"

ಹೇಳಿದೆ. ಆ ಕಡೆಯಿಂದ ಒಂದು ಥರ ಗೊರಗೊರ ಶಬ್ದ ಕೇಳಿತು. ಕೋಪ ಬಂತು ಅಂದುಕೊಂಡೆ. ಅವರು ನಗುತ್ತಿದ್ದರು! ಮದುವೆಯ ದಿನದಿಂದ ಅವರ ಹಲ್ಲು ಕಂಡವಳಲ್ಲ ನಾನು.

"ಆ ಟೈಮಲ್ಲಿ ಹುಳನ ಮುಟ್ಟಿದ್ರೆ ಏನಾಗತ್ತೆ?" ಎಂದು ಕೇಳಿದರು.

"ಮುಟ್ಬಾರ್ದು ಬೀಗ್ರೇ. ಸೊಪ್ಪೂ ಹಾಕ್ಬಾರ್ದು. ಎಲ್ಲಾ ಎದ್ದ ಮೇಲೆ ಒಟ್ಗೆ ಹಾಕ್ಬೇಕು. ಇಲ್ದಿದ್ರೆ ಒಂದು ಸಣ್ಣ ಒಂದು ದಪ್ಪ ಆಗಿ ಬೆಳೆ ಕೆಡತ್ತೆ."

ಅಲ್ಲಿಂದ ಶುರುವಾಯಿತು. ಚಾಕಿಗೆ ಎಂಥ ಕಟ್ಟಡ ಬೇಕು? ಅಕ್ಕಪಕ್ಕ ಏನಿರಬಾರದು? ಔಷಧಿ ಹೊಡೆಯುವ ತೋಟ ಎಷ್ಟು ದೂರವಿರಬೇಕು? ನೀರು ಹೇಗಿರಬೇಕು? ಹುಳದ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣವನ್ನು ಹೇಗೆ ತಡೆಯುತ್ತೀರಿ? ಅವರು ಆಫೀಸಿನಲ್ಲಿ ಅರ್ಜಿದಾರನನ್ನು ಕೇಳುವ ಹಾಗೆ ಒಂದೊಂದೇ ಕೇಳಿದರು. ನನಗೆ ಸಂತೋಷ ತಡೆಯಲಾಗಲಿಲ್ಲ. ಬಾಗಿಲು ತೆರೆಯುತ್ತಿದೆ ಅಂದುಕೊಂಡು ಇದ್ದಬದ್ದದ್ದನ್ನೆಲ್ಲ ಹೇಳಿದೆ. ನಮ್ಮತ್ತೆ ನನಗೆ ಹೇಳಿಕೊಡಲು ವರ್ಷಗಟ್ಟಲೆ ತೆಗೆದುಕೊಂಡದ್ದನ್ನು ಬೀಗರಿಗೆ ಹಡಗಿನ ಫೋನಿನಲ್ಲಿ ಒಂದೇ ಬೆಳಗ್ಗೆ ಸುರಿದುಬಿಟ್ಟೆ. ಮೊದಲ ಸೊಪ್ಪು ಎಷ್ಟು ಸಣ್ಣಗೆ ಕತ್ತರಿಸಬೇಕು ಅನ್ನುವುದನ್ನೂ ಬಿಡಲಿಲ್ಲ.

"ಸೊಪ್ಪಿಗೆ ಕೆಂಪು ಮಣ್ಣೇ ಆಗ್ಬೇಕಾ?" ಎಂದು ಕೊನೆಗೆ ಕೇಳಿದರು.

"ಕೆಂಪು ಮಣ್ಣು, ನೀರು ನಿಲ್ಲಬಾರ್ದು. ನಮ್ಮ ಕಡೇದು ಹಂಗೇ ಐತೆ ಬೀಗ್ರೇ."

"ಹೂಂ," ಅಂದರು. 'ನೋಡಣ' ಅನ್ನಲಿಲ್ಲ. ಫೋನಿಟ್ಟು ನಾನು ಸರೋಜಕ್ಕನನ್ನು ತಬ್ಬಿಕೊಂಡೆ. ಆ ಖುಷಿಯಲ್ಲಿ ಮೈಕಿನವಳ ಮುಂದೆ ಹೋಗಿ ನಾನೂ ಸ್ವಲ್ಪ ಕೈ ಎತ್ತಿ ಇಳಿಸಿದೆ. ಹಾಗಂತ ಹಡಗಿನ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಲಿಲ್ಲ. ಸೆಂಟಿನ ವಾಸನೆ ಹಾಗೇ ಇತ್ತು, ದೋಸೆಗೆ ಕೊಟ್ಟ ಸಾಂಬಾರ್ ಸಿಹಿಯೇ ಇತ್ತು.

ಸಿಂಗಪುರ ಹತ್ತಿರ ಬರುವಾಗ ಡಾಕ್ಟರು ಬೀಗರನ್ನು ಬಿಟ್ಟರು. ಹೊರಗೆ ಬಂದವರು ಬಾಲ್ಕನಿಗೆ ಬಂದು ಸಮುದ್ರ ನೋಡಿದರು. "ಚೆನ್ನಾಗಿದೆ," ಎಂದು ಹೇಳಿ, ತಮ್ಮ ಕತ್ತಲು ರೂಮಿಗೆ ತಾವಾಗಿಯೇ ವಾಪಸ್ ಹೋದರು. ನಾನೂ ಸರೋಜಕ್ಕನೂ ಮುಖ ಮುಖ ನೋಡಿಕೊಂಡೆವು.

ವಾಪಸ್ ಗೌರಿಬಿದನೂರು

ಬಂದ ದಿನ ಎಲ್ಲರೂ ಬೀಗರ ಮನೆಯಲ್ಲೇ ಊಟಕ್ಕೆ ಕೂತೆವು. ಭವ್ಯ ಬಿಸಿ ಮುದ್ದೆ ಮಾಡಿ, ಬಸ್ಸಾರು ಬಡಿಸಿದಳು. ಮೊದಲ ತುತ್ತು ನುಂಗಿದಾಗ ನನಗೆ ಜೀವ ಬಂತು.

"ಹೆಂಗಿತ್ತು ಹಡಗು?" ಎಂದು ಮಂಜು ಕೇಳಿದ.

"ಅಯ್ಯೋ ಬಿಡಪ್ಪಾ," ಅಂದೆ. "ಗದ್ದಲ ಅಂದ್ರೆ ಗದ್ದಲ. ಒಂದ್ ಗಳಿಗೆ ಸುಮ್ನೆ ಕೂತ್ಕೊಳ್ಳೋಕೆ ಜಾಗ ಇಲ್ಲ. ಇನ್ನೊಂದ್ಸಲ ಯಾರಾದ್ರೂ ಕಳಿಸಿದ್ರೆ ನಾನಂತೂ ಹೋಗಲ್ಲ."

ನಾರಾಯಣಪ್ಪನವರು ತಲೆ ಎತ್ತಿದರು. "ಗದ್ದಲಾನಾ? ಅಷ್ಟು ಶಾಂತವಾದ ಜಾಗ ನಾನು ಜನ್ಮದಲ್ಲಿ ನೋಡಿಲ್ಲ," ಅಂದರು. "ಬೆಳಗ್ಗೆ ಬಾಗಿಲು ಮೆತ್ತಗೆ ತಟ್ಟಿ ತಿಂಡಿ ಇಟ್ಟು ಹೋಗ್ತಾರೆ. ಯಾರೂ ಒಳಗೆ ಬರಲ್ಲ. ಯಾರೂ 'ಸಾರ್, ನಮ್ದೊಂದು ಪಹಣಿ ನೋಡಿ' ಅನ್ನಲ್ಲ. ರಿಟೈರಾದ ಮೇಲೂ ಈ ಮನೆ ಬಾಗ್ಲಿಗೆ ಜನ ಬರೋದು ನಿಂತಿಲ್ವಲ್ಲ. ಅಲ್ಲಿ ಒಂದ್ಸಲ ಫೋನ್ ಮಾಡಿ, ಸಾರ್ ಹೇಗಿದ್ದೀರಿ ಅಂತ ಕೇಳಿ ಇಟ್ಬಿಡೋರು. ನಾನು ಎಷ್ಟು ನಿದ್ದೆ ಮಾಡಿದೆ ಅಂತೀರಿ! ವರ್ಷಕ್ಕೊಂದ್ಸಲ ಹೋಗ್ಬೇಕು."

ಭವ್ಯ ಸೌಟು ಹಿಡಿದುಕೊಂಡು ನಿಂತೇ ಇದ್ದಳು. "ಅತ್ತೆ, ನೀವು ಹೇಳಿ. ಯಾರು ಹೇಳೋದು ನಿಜ?"

ಸರೋಜಕ್ಕ ಒಮ್ಮೆ ಗಂಡನನ್ನು, ಒಮ್ಮೆ ನನ್ನನ್ನು ನೋಡಿದರು. "ಪೆನಾಂಗ್‌ನಲ್ಲಿ ಹೂವು ಅಗ್ಗ ಕಣೇ," ಎಂದರು.

ಎಲ್ಲರೂ ನಕ್ಕೆವು. ಆ ನಗು ಇನ್ನೂ ನಿಂತಿರಲಿಲ್ಲ, ನಾರಾಯಣಪ್ಪನವರು ಮಗನ ಕಡೆ ತಿರುಗಿ, "ಚಾಕಿ ಮಾಡ್ರಪ್ಪಾ," ಅಂದರು. ಅಷ್ಟೇ ಸಹಜವಾಗಿ, ಉಪ್ಪು ಕೊಡ್ರಪ್ಪಾ ಅಂದಂತೆ. ಮಂಜುವಿನ ಕೈ ತಟ್ಟೆಯಲ್ಲೇ ನಿಂತಿತು. ನನಗೆ ಕಣ್ಣು ತುಂಬಿ ಬಂತು.

"ಮಂಚೇನಹಳ್ಳಿ ಹತ್ರ ನಮ್ಮಪ್ಪನ ಕಾಲದ ಜಮೀನಿದ್ಯಲ್ಲ," ಎಂದು ಅವರು ಮುಂದುವರಿಸಿದರು. "ಗುತ್ತಿಗೆಗೆ ಕೊಟ್ಟಿರೋದು. ಕೆಂಪು ಮಣ್ಣು, ನೀರು ನಿಲ್ಲಲ್ಲ. ಸುತ್ತಮುತ್ತ ಔಷಧಿ ಹೊಡೆಯೋ ತೋಟ ಇಲ್ಲ. ಬೋರ್ ನೀರೂ ಸಿಹಿ. ಅಲ್ಲೇ ಕಟ್ಕೊಳ್ಳಿ. ಎಲ್ಲಾ ರತ್ನಮ್ಮನೋರು ಹೇಳಿದ್ ಹಂಗೇ ಇದೆ."

ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ. ನಮ್ಮೂರು ಅನ್ನುವ ಮಾತು ಆ ಊಟದಲ್ಲಿ ಬರಲೇ ಇಲ್ಲ.

ಕೈ ತೊಳೆಯಲು ಹೋದಾಗ ಭವ್ಯ ಹಿಂದೆಯೇ ಬಂದಳು. ಅವಳ ಮುಖದಲ್ಲಿ ಬೆಳಕು ತುಂಬಿತ್ತು. ಅದನ್ನು ಅಡಗಿಸಿಕೊಳ್ಳಲು ಕಷ್ಟಪಡುತ್ತಿದ್ದಳು.

"ಅಮ್ಮಾ, ನಿಂಗೆ ಬೇಜಾರಾಯ್ತಾ?"

"ಇಲ್ಲ ಕಣೇ. ಯಾಕಾಗತ್ತೆ?"

"ಸುಳ್ಳು ಹೇಳ್ಬೇಡ." ಅವಳು ನನ್ನ ಒದ್ದೆ ಕೈ ಹಿಡಿದುಕೊಂಡಳು. "ಅಮ್ಮಾ, ನಮ್ಮೂರಲ್ಲಿ ಮಾಡಿದ್ರೆ ಅದು ನಿನ್ ಹುಳದ ಮನೆ ಆಗಿರೋದು. ನಾನು ಎಷ್ಟ್ ಕಲ್ತಿದ್ರೂ ನೀನು ಹೇಳ್ದಂಗೆ ಸೊಪ್ಪು ಹೆಚ್ತಾ ಇರ್ತಿದ್ದೆ. ಇದು ನಂದಾಗತ್ತೆ ಕಣಮ್ಮ."

ಅವಳು ಹೇಳಿದ್ದು ಸರಿಯಾಗಿತ್ತು. ಸರಿ ಅನ್ನುವುದು ಗೊತ್ತಿದ್ದೂ ನನಗೆ ನೋವಾಯಿತು.

ಶಿಡ್ಲಘಟ್ಟ

ಊರಿಗೆ ಬಂದರೆ ಯಜಮಾನರು ಮನೆಯಲ್ಲಿ ಕಾಣಲಿಲ್ಲ. ಹಿತ್ತಿಲ ಕಡೆಯಿಂದ ಸುಣ್ಣದ ವಾಸನೆ ಬರುತ್ತಿತ್ತು. ಹೋಗಿ ನೋಡಿದೆ. ಬಳಸದೆ ಬಿಟ್ಟಿದ್ದ ಹಳೆಯ ಹುಳದ ಮನೆಯ ಸಾಮಾನನ್ನೆಲ್ಲ ಹೊರಗೆ ಹಾಕಿ, ನೆಲ ತೊಳೆದು, ಕಿಟಕಿಗೆ ಹೊಸ ಜಾಲರಿ ಹೊಡೆದು, ಒಳಗೆ ನಿಂತು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ತಲೆಗೆ ಟವೆಲು ಸುತ್ತಿಕೊಂಡಿದ್ದರು, ಮೀಸೆಯ ಮೇಲೂ ಸುಣ್ಣ. ಸಮುದ್ರದ ಭಯಕ್ಕಲ್ಲ ಇವರು ಉಳಿದದ್ದು ಅಂತ ಆಗ ತಿಳಿಯಿತು.

"ಬಂದ್ಯಾ? ಏನಂದ್ರು ಬೀಗ್ರು?"

"ಒಪ್ಪಿದ್ರು."

"ನಂಗೊತ್ತಿತ್ತು! ಯಾವಾಗ ಬರ್ತಾರಂತೆ ಮಕ್ಳು?"

"ಬರಲ್ಲ ರೀ. ಮಂಚೇನಹಳ್ಳಿಯಲ್ಲಿ ಮಾಡ್ತಾರಂತೆ. ಅವ್ರ ಜಮೀನಲ್ಲಿ."

ಅವರು ಬ್ರಷ್ ಇಳಿಸಿದರು. ಅರ್ಧ ಗೋಡೆ ಬಿಳಿಯಾಗಿತ್ತು, ಇನ್ನರ್ಧ ಹಾಗೇ ಇತ್ತು. ಮತ್ತೆ ಬ್ರಷ್ ಅದ್ದಿ ಉಳಿದರ್ಧಕ್ಕೆ ಬಳಿಯತೊಡಗಿದರು.

"ಅವ್ರು ಚಾಕಿ ಮಾಡಿದ್ರೆ ಹುಳ ತಗೊಳ್ಳೋಕೆ ರೈತರು ಬೇಕಲ್ಲ," ಅಂದರು, ನನ್ನ ಕಡೆ ತಿರುಗದೆಯೇ. "ನಾವೇ ತಗೊಳ್ಳಣ. ಇಲ್ಲೇ ಸಾಕಣ. ಫೋನ್ ಮಾಡಿ ಹೇಳು."

ಅಲ್ಲೇ ನಿಂತು ಭವ್ಯಳಿಗೆ ಫೋನ್ ಮಾಡಿದೆ. "ನಿನ್ ಮೊದಲ್ನೇ ಚಾಕಿಲಿ ನೂರು ಮೊಟ್ಟೆ ಲೆಕ್ಕದ ಹುಳ ನಮಗಿರ್ಲಿ ಕಣೇ," ಅಂದೆ.

ಅವಳು ಆ ಕಡೆಯಿಂದ ಜೋರಾಗಿ ನಕ್ಕಳು. "ಆಯ್ತಮ್ಮಾ. ಪಾರ್ಟಿ ಹೆಸರು ಏನಂತ ಬರ್ಕೊಳ್ಳಲಿ?"

"ಶಿಡ್ಲಘಟ್ಟದ ರತ್ನಮ್ಮ ಅಂತ ಬರ್ಕೋ," ಅಂದೆ. ನಾನೂ ನಕ್ಕೆ.

ಫೋನಿಟ್ಟ ಮೇಲೆ ಚೆನ್ನಾಗಿ ಅತ್ತೆ. ನಮ್ಮ ಯಜಮಾನರು ನೋಡಿಯೂ ನೋಡದವರ ಹಾಗೆ ಸುಣ್ಣದ ಬಕೆಟ್ಟು ತೆಗೆದುಕೊಂಡು ನಲ್ಲಿಯ ಹತ್ತಿರ ಹೋದರು.